ಕಚ್ಚುವ ನಲ್ಲಿ

ಫೆಬ್ರವರಿ ೨, ಭಾನುವಾರ

ಅತ್ತೆಯವರು ಬಂದಿಳಿದರು. ಎರಡು ಸೂಟ್‌ಕೇಸು, ಒಂದು ರೇಡಿಯೋ, ತಮ್ಮದೇ ದಿಂಬು. ದಿಂಬು ಹೊತ್ತು ತಂದವರು ಬೇಗ ಹೊರಡುವವರಲ್ಲ.

ನಾನೇ ಫೋನ್ ಮಾಡಿ ಕರೆದದ್ದು, ಬೇರೆ ದಾರಿ ಇರಲಿಲ್ಲ. ಹೆಂಡತಿ ಹೆರಿಗೆಯವರೆಗೂ ಹಾಸಿಗೆ ಬಿಟ್ಟು ಏಳಬಾರದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಬಚ್ಚಲಿಗೆ ಹೋಗಬಹುದು, ಬರಬಹುದು, ಅಷ್ಟೇ. ನಮ್ಮದು ಎರಡನೇ ಮಹಡಿ, ಲಿಫ್ಟ್ ಇಲ್ಲ, ಕಟ್ಟಡಕ್ಕೆ ನನಗಿಂತ ಹೆಚ್ಚು ವಯಸ್ಸು. ನಾನು ಬೆಳಿಗ್ಗೆ ಕನ್ನಡಕದ ಅಂಗಡಿಗೆ ಹೋದರೆ ಬರುವುದು ಸಂಜೆ. ಅವಳನ್ನು ಯಾರು ನೋಡಿಕೊಳ್ಳಬೇಕು?

ಈ ದಿನಚರಿ ಶುರು ಮಾಡಿದ್ದೂ ಅದಕ್ಕೇ. ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದ್ದನ್ನು ಎಲ್ಲಾದರೂ ಕಕ್ಕಬೇಕಲ್ಲ.

ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಈಗಲೂ ಯಾರಾದರೂ ಮಾತಾಡಿದರೆ ತಲೆ ಒಂದು ಕಡೆ ವಾಲಿಸಿ, ಕಿವಿಗೆ ಏನೋ ಸಿಕ್ಕಿಸಿಕೊಂಡವರ ಹಾಗೆ ಕೇಳುತ್ತಾರೆ. ನಮ್ಮ ಮದುವೆಯಾದಾಗಿನಿಂದ ಅವರೂ ನಾನೂ ಆಡಿದ ಮಾತೆಲ್ಲ ಸೇರಿಸಿದರೆ ಒಂದು ಪೋಸ್ಟ್‌ಕಾರ್ಡಿಗೆ ಸಾಕು. ಇವತ್ತು ಸಂಜೆ ಬಚ್ಚಲಿನಿಂದ ಹೊರಗೆ ಬಂದವರೇ ಅಂದರು:

"ಅಳಿಯಂದಿರೇ, ನಿಮ್ಮ ನಲ್ಲಿ ಕಚ್ಚುತ್ತೆ."

"ಕಚ್ಚುತ್ತಾ?"

"ಮುಟ್ಟಿದರೆ ಜುಮ್ ಅನ್ನುತ್ತೆ. ಕರೆಂಟು."

ಹೋಗಿ ಮುಟ್ಟಿದೆ. ಬೇಕೆಂದೇ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ. ನಲ್ಲಿ ನಲ್ಲಿಯ ಹಾಗೇ ತಣ್ಣಗಿತ್ತು.

"ಪ್ರಯಾಣದ ಸುಸ್ತು ಇರಬೇಕು," ಅಂದೆ.

ಅವರು ರೇಡಿಯೋದ ಧ್ವನಿ ಸ್ವಲ್ಪ ಜಾಸ್ತಿ ಮಾಡಿದರು.

ಫೆಬ್ರವರಿ ೫, ಬುಧವಾರ

ಸಕ್ಕರೆ ಡಬ್ಬಿ ಇದ್ದ ಜಾಗದಲ್ಲಿ ಉಪ್ಪು. ಉಪ್ಪು ಇದ್ದ ಜಾಗದಲ್ಲಿ ಚಹಾಪುಡಿ. ಸಕ್ಕರೆ ಎಲ್ಲಿದೆ ಅಂತ ಕೇಳುವ ಧೈರ್ಯ ಸಾಲದೆ ಸಪ್ಪೆ ಚಹಾ ಕುಡಿದು ಅಂಗಡಿಗೆ ಹೋದೆ.

ನಲ್ಲಿ ಬೆಳಿಗ್ಗೆ ಮತ್ತೆ ಅವರಿಗೆ ಕಚ್ಚಿತಂತೆ. ನನಗೆ ಕಚ್ಚಲಿಲ್ಲ. ವಾಷಿಂಗ್ ಮೆಷೀನೂ ಕಚ್ಚುತ್ತದಂತೆ. ಅದೂ ನನಗೆ ಕಚ್ಚಲಿಲ್ಲ. ಈ ಮನೆಯ ಸಾಮಾನುಗಳಿಗೆಲ್ಲ ಅವರನ್ನು ಕಂಡರಾಗದು ಅಂತ ಹೆಂಡತಿಗೆ ಮೆಲ್ಲಗೆ ಹೇಳಿದೆ. "ಅಮ್ಮ ಸುಳ್ಳು ಹೇಳಲ್ಲ," ಅಂದಳು. "ಸುಳ್ಳು ಅಂತ ಯಾರಂದರು? ವಯಸ್ಸಾದ ಮೇಲೆ ನರಗಳು..." ಅಂದೆ. ದಿಂಬಿನಿಂದ ಹೊಡೆದಳು.

ಅವಳದು ಇನ್ನೊಂದು ಕಥೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಕೇಕಿನ ವಾಸನೆ ಬರುತ್ತದಂತೆ. ಬಸುರಿಯ ಮೂಗು, ಎಲ್ಲಿಲ್ಲದ ವಾಸನೆಯೂ ಬರುತ್ತೆ. ಆಸೆ ಇರಬೇಕು ಅಂತ ಬರುವಾಗ ಬೇಕರಿಯಿಂದ ಒಂದು ತುಂಡು ಕೇಕ್ ತಂದೆ. ಮೂಸಿ ನೋಡಿ, "ಇದಲ್ಲ, ಅದರಲ್ಲಿ ಕಿತ್ತಳೆ ಸಿಪ್ಪೆ ಇರುತ್ತೆ," ಅಂದು ಅದನ್ನೂ ತಿಂದಳು.

ಫೆಬ್ರವರಿ ೯, ಭಾನುವಾರ

ನಲ್ಲಿ ಕಚ್ಚುತ್ತೆ.

ಬೆಳಿಗ್ಗೆ ತಲೆತುಂಬ ಸೋಪು, ಕಣ್ಣು ಮುಚ್ಚಿದೆ, ತಡಕಾಡಿ ನಲ್ಲಿಗೆ ಕೈ ಹಾಕಿದ್ದೇ ತಡ, ಮೊಣಕೈವರೆಗೆ ಯಾರೋ ದಾರ ಕಟ್ಟಿ ಎಳೆದ ಹಾಗಾಯಿತು. ಕೂಗಿದೆನಂತೆ. ನನಗೆ ನೆನಪಿಲ್ಲ. ಚೊಂಬು ಉರುಳಿ, ಬಕೆಟ್ ಮಗುಚಿ, ಟವೆಲು ಸುತ್ತಿಕೊಂಡು ಹೊರಗೆ ಬಂದು ನಿಂತರೆ ಎದುರಿಗೆ ಅತ್ತೆಯವರು.

"ಪ್ರಯಾಣ ಮಾಡಿದ್ರಾ ಅಳಿಯಂದಿರೇ?" ಅಂತ ಕೇಳಿದರು.

ಒಳಗಿನಿಂದ ಹೆಂಡತಿ ನಗುವ ಸದ್ದು. ಅಷ್ಟು ನಗಬಾರದು ಅಂತ ಅತ್ತೆಯವರು ಅವಳನ್ನು ಗದರಿಸಲು ಹೋದವರು ತಾವೂ ಬಾಗಿಲು ಹಿಡಿದುಕೊಂಡು ನಗಲು ಶುರು ಮಾಡಿದರು. ಕಣ್ಣಿಗೆ ಸೋಪು ಹೋಗಿ ನಾನು ಅಳುತ್ತಿದ್ದೆ. ಮನೆಯಲ್ಲಿ ಇಷ್ಟು ಗಲಾಟೆ ಆಗಿ ಎಷ್ಟು ಕಾಲವಾಯಿತೋ.

ಚಹಾ ತಂದುಕೊಟ್ಟು ಅತ್ತೆಯವರು ಹೇಳಿದರು, "ನಾಳೆ ಯಾರನ್ನಾದರೂ ಕರೆಸಿ. ಆ ಬಸುರಿ ಹುಡುಗಿ ಒದ್ದೆ ಕಾಲಲ್ಲಿ ಅಲ್ಲಿಗೇ ಹೋಗ್ತಾಳೆ."

ಇವತ್ತಿನವರೆಗೂ ನನಗೆ ಅದು ಹೊಳೆದೇ ಇರಲಿಲ್ಲ.

ಫೆಬ್ರವರಿ ೧೦, ಸೋಮವಾರ

ಎಲೆಕ್ಟ್ರಿಷಿಯನ್ ಬಂದಿದ್ದರು, ಹೆಂಗಸು. ಸುತ್ತಮುತ್ತಲಿನವರೆಲ್ಲ ಟೆಸ್ಟರ್ ಅಕ್ಕ ಅನ್ನುತ್ತಾರೆ. ಬಡಗಿಗಳು ಪೆನ್ಸಿಲ್ ಸಿಕ್ಕಿಸಿಕೊಂಡ ಹಾಗೆ ಕಿವಿಯ ಮೇಲೆ ಟೆಸ್ಟರು. ಏಣಿ ಇಳಿಸುವ ಮೊದಲೇ, ತಾವು ರಿಪೇರಿ ಮಾಡದ ಮನೆ ಈ ಊರಿನಲ್ಲಿ ಇಲ್ಲ, ಇದ್ದರೆ ಅದಕ್ಕೆ ಕರೆಂಟೇ ಇಲ್ಲ ಅಂತ ಹೇಳಿದರು. ಮಾತು ನಿಲ್ಲುವುದು ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡಾಗ ಮಾತ್ರ.

ನಮ್ಮ ಗೀಸರ್, ಫ್ರಿಜ್ಜು, ವಾಷಿಂಗ್ ಮೆಷೀನು, ಪ್ಲಗ್ಗು, ಎಲ್ಲ ನೋಡಿದರು. ಸರಿ ಇದೆ ಅಂದರು. ಆಮೇಲೆ ಮೇನ್ ಸ್ವಿಚ್ಚೇ ತೆಗೆದು, ಟೆಸ್ಟರನ್ನು ನಲ್ಲಿಗೆ ತಾಗಿಸಿದರು. ಅದರೊಳಗಿನ ಪುಟ್ಟ ದೀಪ ಕೆಂಪಗೆ ಮಿಣುಕಿತು. ನಮ್ಮ ಮನೆಯಲ್ಲಿ ಕರೆಂಟೇ ಇಲ್ಲ, ನಲ್ಲಿಯಲ್ಲಿ ಇದೆ!

"ಇದು ನಿಮ್ಮ ಕರೆಂಟಲ್ಲ ಕನ್ನಡಕದಣ್ಣ. ಬೇರೆ ಯಾರದೋ ನಿಮ್ಮನೇಗೆ ಬಂದಿದೆ."

ಆಮೇಲೆ ಬಚ್ಚಲ ಬಾಗಿಲಲ್ಲೇ ನಿಂತು ವಿವರಿಸಿದರು. ಹಿಂದೆಲ್ಲ ಅರ್ಥ್ ವೈರನ್ನು ಕಬ್ಬಿಣದ ನೀರಿನ ಪೈಪಿಗೇ ಕಟ್ಟಿಬಿಡುತ್ತಿದ್ದರಂತೆ. ಪೈಪು ನೆಲದೊಳಗೆ ಹೋಗುತ್ತಿತ್ತು. ಯಾವುದಾದರೂ ಸಾಮಾನಿನಿಂದ ಕರೆಂಟು ಸೋರಿದರೆ ಅದೂ ಪೈಪಿನ ಜೊತೆ ನೆಲಕ್ಕೆ ಇಳಿಯುತ್ತಿತ್ತು.

"ಕೆಳಗಡೆ ಪೈಪು ಬದಲಾಯಿಸಿದ್ರಾ?"

"ಹೋದ ವರ್ಷ. ತುಕ್ಕು ಹಿಡಿದಿತ್ತು ಅಂತ ನೆಲದ ಹತ್ತಿರ ಪ್ಲಾಸ್ಟಿಕ್ ಹಾಕಿಸಿದರು."

"ಮುಗೀತಲ್ಲ! ಪ್ಲಾಸ್ಟಿಕ್‌ನಲ್ಲಿ ಕರೆಂಟು ಇಳಿಯಲ್ಲ. ಯಾರ ಮನೇಲೋ ಏನೋ ಸೋರ್ತಾ ಇದೆ. ಇಳಿಯೋಕೆ ದಾರಿ ಇಲ್ಲದೆ ಪೈಪಲ್ಲೇ ಕಾಯ್ಕೊಂಡು ಕೂತಿದೆ. ನೀವು ಒದ್ದೆ ಕಾಲಲ್ಲಿ ನಿಂತು ನಲ್ಲಿ ಮುಟ್ಟಿದರೆ ನೀವೇ ದಾರಿ. ನಿಮ್ಮ ಬಿಲ್ಡಿಂಗಿಗೆ ಅರ್ಥಾನೇ ಇಲ್ಲ."

"ಅದು ನನಗೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತು," ಅಂದರು ಅತ್ತೆಯವರು.

"ಈಗೇನೋ ಜುಮ್ ಅಂತಿದೆ. ಜಾಸ್ತಿ ಸೋರಿದ ದಿನ ಹಿಡ್ಕೊಂಡುಬಿಡುತ್ತೆ," ಅಂದರು ಟೆಸ್ಟರ್ ಅಕ್ಕ.

ಅತ್ತೆಯವರೂ ನಾನೂ ಒಟ್ಟಿಗೇ ಹೆಂಡತಿಯ ಕೋಣೆಯ ಕಡೆ ನೋಡಿದೆವು.

ಸದ್ಯಕ್ಕೆ ನಲ್ಲಿಗೆ ಪಾತ್ರೆ ತೊಳೆಯುವ ಗುಲಾಬಿ ಬಣ್ಣದ ರಬ್ಬರ್ ಗ್ಲೌಸ್ ತೊಡಿಸಿದ್ದೇವೆ. ರಬ್ಬರ್ ಚಪ್ಪಲಿ ಇಲ್ಲದೆ ಯಾರೂ ಬಚ್ಚಲಿಗೆ ಕಾಲಿಡುವ ಹಾಗಿಲ್ಲ. ಬಕೆಟ್ ತುಂಬಿಸಿ, ನಲ್ಲಿ ನಿಲ್ಲಿಸಿ, ಆಮೇಲೆ ಸ್ನಾನ. ಹೆಂಡತಿ ಒಳಗೆ ಹೋದಾಗ ಆ ಗುಲಾಬಿ ಕೈಗೆ ನಮಸ್ಕಾರ ಹೇಳುತ್ತಾಳೆ.

ಫೆಬ್ರವರಿ ೧೩, ಗುರುವಾರ

ಮಾನ ಹೋಯಿತು.

ಸೋರುತ್ತಿರುವುದು ಮೊದಲ ಮಹಡಿಯ ವಾಷಿಂಗ್ ಮೆಷೀನೇ ಅಂತ ಟೆಸ್ಟರ್ ಅಕ್ಕ ಎದೆ ತಟ್ಟಿ ಹೇಳಿದ್ದರು. ಅದು ಕಟ್ಟಡದ ಸಂಘದ ಕಾರ್ಯದರ್ಶಿಯ ಮನೆ. ಮಹಡಿಗೊಂದೇ ಮನೆ ಇರುವ ಈ ಕಟ್ಟಡದಲ್ಲಿ ಇಷ್ಟು ವರ್ಷ ಇದ್ದು ನಾನು ಯಾರ ಬಾಗಿಲನ್ನೂ ತಟ್ಟಿದವನಲ್ಲ. ಅತ್ತೆಯವರು ತಟ್ಟಿದರು. ಅವರ ಹಿಂದೆ ನಾನು, ನನ್ನ ಹಿಂದೆ ಏಣಿ ಹೊತ್ತ ಟೆಸ್ಟರ್ ಅಕ್ಕ. ಜಪ್ತಿಗೆ ಬಂದವರ ಹಾಗಿದ್ದೆವು.

ಮೆಷೀನಿನಲ್ಲಿ ಏನೂ ತೊಂದರೆ ಇರಲಿಲ್ಲ. ಕಾರ್ಯದರ್ಶಿಯ ಮುಖ ಕೆಂಪಾಯಿತು. "ನಮ್ಮ ಮನೆ ಸಾಮಾನು ಸರಿ ಇಲ್ಲ ಅಂತ ಊರೆಲ್ಲ ಸಾರ್ತೀರಾ? ಇಷ್ಟು ವರ್ಷ ಈ ಬಿಲ್ಡಿಂಗಲ್ಲಿ ಯಾರಿಗೆ ಏನಾಗಿದೆ?"

"ಆಗೋದಕ್ಕೆ ಮೊದಲೇ ಬಂದಿದ್ದೀವಿ," ಅಂದರು ಅತ್ತೆಯವರು. ಫೋನಿನಲ್ಲಿ ಹೇಳುವವರ ಹಾಗೆ, ಒಂದಿಷ್ಟೂ ಧ್ವನಿ ಏರಿಸದೆ.

ಮೆಟ್ಟಿಲು ಹತ್ತುವಾಗ ಟೆಸ್ಟರ್ ಅಕ್ಕ ಮಾತೇ ಆಡಲಿಲ್ಲ. ಬಾಯಲ್ಲಿ ಸ್ಕ್ರೂ ಕೂಡ ಇರಲಿಲ್ಲ.

ಫೆಬ್ರವರಿ ೧೬, ಭಾನುವಾರ

ಹಾಸಿಗೆಯಿಂದ ಏಳದವಳು ಕಳ್ಳನನ್ನು ಹಿಡಿದಳು!

ಬೆಳಿಗ್ಗೆ ಅತ್ತೆ ಬಚ್ಚಲಿನಿಂದ "ಈಗ ಕಚ್ಚುತ್ತಿದೆ, ಟೆಸ್ಟರ್ ಮಿಣುಕ್ತಿದೆ," ಅಂತ ಕೂಗಿದರು (ಟೆಸ್ಟರ್ ಅಕ್ಕ ಒಂದನ್ನು ನಮಗೇ ಬಿಟ್ಟುಹೋಗಿದ್ದಾರೆ, ಅತ್ತೆ ಅದನ್ನು ಈಗ ತಮ್ಮ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತಾರೆ). ಅದೇ ಹೊತ್ತಿಗೆ ಕೋಣೆಯಿಂದ ಹೆಂಡತಿ "ಕೇಕ್ ವಾಸನೆ ಶುರುವಾಯ್ತು," ಅಂದಳು. ನಾನು ಎರಡೂ ಕೋಣೆಗಳ ನಡುವೆ ಹಲ್ಲುಜ್ಜುತ್ತಾ ನಿಂತಿದ್ದೆ.

ಹೆಂಡತಿ ನಿಧಾನಕ್ಕೆ ಅಂದಳು, "ಅಮ್ಮಾ, ನಿನ್ನೆ ಸಂಜೆ ಕಚ್ಚಿತಲ್ಲ, ಆಗಲೂ ಬಂದಿತ್ತು."

ಓವನ್!

ಬಸುರಿಯ ಮೂಗನ್ನು ಲೇವಡಿ ಮಾಡಿದ್ದಕ್ಕೆ ಕ್ಷಮೆ ಕೇಳಲೂ ಪುರುಸೊತ್ತಿಲ್ಲದೆ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಅತ್ತೆಯ ಹಿಂದೆ ಮೂರನೇ ಮಹಡಿಗೆ ಓಡಿದೆ. ಅಲ್ಲಿರುವುದು ಬಸ್ ಡ್ರೈವರ್ ಮತ್ತು ಅವರ ಮಗಳು. ಆರಡಿ ಆಳು, ಮೆಟ್ಟಿಲಲ್ಲಿ ಎದುರಾದರೆ ನಾನೇ ಗೋಡೆಗೆ ಒರಗಿ ದಾರಿ ಬಿಡುತ್ತೇನೆ. ಈಚೆಗೆ ನಮ್ಮ ಅಂಗಡಿಯಲ್ಲಿ ಹತ್ತಿರದ್ದು ಓದುವ ಕನ್ನಡಕ ತೆಗೆದುಕೊಂಡಿದ್ದರು.

ಬಾಗಿಲು ಅರ್ಧ ತೆರೆಯಿತು. ಹುಬ್ಬಿನ ಮೇಲೆ ಮೈದಾ ಹಿಟ್ಟು.

"ನಿಮ್ಮನೇಲಿ ಓವನ್ ಇದೆಯಾ ಡ್ರೈವರಣ್ಣ?" ಅಂದರು ಅತ್ತೆ.

"ಓವನ್ನಾ? ನಮ್ಮನೇಲಾ?"

ಹಿಂದಿನಿಂದ ಏನೋ ಟಿಣ್ ಅಂತು.

ಪಾಪ, ಆ ಮನುಷ್ಯ ಕುಸಿದು ಕೂತರು. ಮುಂದಿನ ತಿಂಗಳು ಮುಗಿಯುತ್ತಲೇ ಮಗಳ ಮದುವೆ. ತಾಯಿ ಇಲ್ಲದ ಹುಡುಗಿ. ಮದುವೆಯ ಕೇಕ್ ತಾನೇ ಮಾಡಬೇಕು ಅಂತ ಅಪ್ಪನ ಆಸೆ. ಮಗಳು ಮನೆಯಲ್ಲಿಲ್ಲದ ಹೊತ್ತು ನೋಡಿ ಕದ್ದು ಅಭ್ಯಾಸ. ಯಾರೋ ಹಳೆಯದೆಂದು ಕೊಟ್ಟ ಓವನ್ನು. "ಡಿಪೋದಲ್ಲಿ ಗೊತ್ತಾದರೆ ನನ್ನ ಆಡ್ಕೊಳ್ತಾರೆ ಅಮ್ಮಾವರೇ. ಮಗಳಿಗೆ ಗೊತ್ತಾದರೆ ಬೇಡ ಅಂತಾಳೆ."

"ಒಳಗೆ ಹಾಕಿರೋದು ಕಿತ್ತಳೆ ಸಿಪ್ಪೆ ತಾನೇ?" ಅಂತ ಅತ್ತೆ ಕೇಳಿದರು.

ಡ್ರೈವರ್ ಬಾಯಿ ತೆರೆದು ಕೂತರು.

ಆಮೇಲೆ ಅತ್ತೆ ಎರಡು ಮಹಡಿಗಳ ನಡುವಿನ ಮೆಟ್ಟಿಲಲ್ಲಿ ನಿಂತು ಎಕ್ಸ್‌ಚೇಂಜ್ ನಡೆಸಿದರು. ಮೇಲಕ್ಕೆ "ಹಾಕಿ!" ಕೆಳಕ್ಕೆ "ನೋಡಿ!" ಟೆಸ್ಟರ್ ಹಿಡಿದು ಬಚ್ಚಲಲ್ಲಿ ನಾನು: "ಮಿಣುಕ್ತಿದೆ!" ಮೇಲಕ್ಕೆ "ತೆಗೀರಿ!" "ಆರಿತು!" ಮತ್ತೆ ಹಾಕಿದರು, ಮತ್ತೆ ಮಿಣುಕಿತು. ಅನುಮಾನವೇ ಇಲ್ಲ. ಡ್ರೈವರಣ್ಣನ ಕೇಕಿನ ಕರೆಂಟು ನಮ್ಮ ನಲ್ಲಿಗೆ ಬರುತ್ತಿತ್ತು.

ಓವನ್ ಪ್ಲಗ್ ಕಿತ್ತಿಟ್ಟರು. ಅರ್ಧ ಬೆಂದ ಕೇಕನ್ನು ಹೆಂಡತಿ ಚಮಚದಲ್ಲಿ ತಿಂದಳು. ಇದೇ ಅದು ಅಂದಳು.

ಫೆಬ್ರವರಿ ೧೯, ಬುಧವಾರ

ಓವನ್ ರಿಪೇರಿ ಮಾಡಿದರೆ ಮುಗಿಯಿತಲ್ಲ ಅಂತ ನಾನು. ಮುಗಿಯಲ್ಲ ಅಂತ ಟೆಸ್ಟರ್ ಅಕ್ಕ. ಇವತ್ತು ಓವನ್, ನಾಳೆ ಇನ್ನೊಬ್ಬರ ಇಸ್ತ್ರಿಪೆಟ್ಟಿಗೆ. ಕಟ್ಟಡಕ್ಕೆ ಹೊಸದಾಗಿ ಅರ್ಥ್ ಗುಂಡಿ ತೋಡಿ, ಪ್ರತಿ ಮನೆಗೂ ವೈರು ಎಳೆದು, ಟ್ರಿಪ್ ಸ್ವಿಚ್ ಹಾಕಬೇಕು. ಅದಕ್ಕೆ ಸಂಘ ಒಪ್ಪಬೇಕು. ಸಂಘ ಅಂದರೆ ಕಾರ್ಯದರ್ಶಿ. ಅವರು ನನ್ನನ್ನು ಕಂಡರೆ ಛತ್ರಿ ಅಡ್ಡ ಹಿಡಿಯುತ್ತಾರೆ, ಬಿಸಿಲಿಲ್ಲದಿದ್ದರೂ.

ಭಾನುವಾರ ಸಭೆ ಕರೆಯಿರಿ ಅಂತ ಹೋಗಿ ಕೇಳಿದೆ. ನಾನೇ ಹೋದೆ, ಒಬ್ಬನೇ. ಅತ್ತೆ ಬಟ್ಟೆ ಒಣಗಿಸುತ್ತಿದ್ದರು.

ಫೆಬ್ರವರಿ ೨೩, ಭಾನುವಾರ

ಸಭೆ ನಡೆದದ್ದು ಕೆಳಗೆ, ಮೆಟ್ಟಿಲ ಬುಡದಲ್ಲಿ. ಎಲ್ಲ ಮನೆಯವರೂ ಮೆಟ್ಟಿಲ ಮೇಲೆ ಕೂತಿದ್ದರು. ಹೆಂಡತಿ ಬರುವ ಹಾಗಿಲ್ಲ, ಮನೆಯ ಬಾಗಿಲು ತೆರೆದಿಟ್ಟು ಹಾಸಿಗೆಯಿಂದಲೇ ಕೇಳಿಸಿಕೊಂಡಳು.

ಕಾರ್ಯದರ್ಶಿ ಶುರು ಮಾಡಿದರು: ಕಟ್ಟಡ ಗಟ್ಟಿಯಾಗಿದೆ, ಕೆಲವರಿಗೆ ಹೆದರಿಕೆ ಜಾಸ್ತಿ. ಎಲ್ಲರೂ ನನ್ನ ಕಡೆ ನೋಡಿದರು. ಅತ್ತೆ ಹಿಂದಿನಿಂದ ಬೆನ್ನಿಗೆ ತಿವಿದು, "ಮಾತಾಡು, ಮಾತಾಡು," ಅಂತ ಪಿಸುಗುಟ್ಟಿದರು.

ಮಾತಾಡಿದೆ. ಏನು ಹೇಳಿದೆನೋ ಪೂರ್ತಿ ನೆನಪಿಲ್ಲ. "ನಮ್ಮ ಅಂಗಡಿಗೆ ಬರೋರು ನಂಗೆಲ್ಲ ಚೆನ್ನಾಗಿ ಕಾಣುತ್ತೆ ಅಂತಾನೇ ಬರ್ತಾರೆ," ಅಂದದ್ದು ನೆನಪಿದೆ. "ಗಾಜು ಹಾಕಿ ತೋರಿಸಿದ ಮೇಲೇ ಗೊತ್ತಾಗೋದು, ಇಷ್ಟು ದಿನ ಏನು ಕಾಣ್ತಿರಲಿಲ್ಲ ಅಂತ. ಇವತ್ತು ಅಕ್ಕ ತೋರಿಸ್ತಾರೆ. ನೋಡಿ ಆಮೇಲೆ ಹೇಳಿ."

ಟೆಸ್ಟರ್ ಅಕ್ಕ ಅಂಗಳದ ಒದ್ದೆ ಮಣ್ಣಿಗೆ ಒಂದು ಕಬ್ಬಿಣದ ಸರಳು ಹೊಡೆದರು. ಅದಕ್ಕೊಂದು ವೈರು, ನೀರಿನ ಪೈಪಿಗೊಂದು ವೈರು, ನಡುವೆ ಒಂದು ಬಲ್ಬು. ಯಾರೂ ಹತ್ತಿರ ಬರಬೇಡಿ ಅಂತ ಎಲ್ಲರನ್ನೂ ಮೆಟ್ಟಿಲ ಮೇಲಕ್ಕೆ ಅಟ್ಟಿದರು. "ಈಗ ಡ್ರೈವರಣ್ಣ, ಕೊನೇ ಸಲ."

ಡ್ರೈವರಣ್ಣ ಮೇಲೆ ಹೋಗಿ ಓವನ್ ಹಾಕಿದರು.

ಬಲ್ಬು ಹತ್ತಿತು.

ಜೋರಾಗೇನಲ್ಲ, ಮಂಕಾಗಿ, ಹಳದಿಯಾಗಿ. ನೀರಿನ ಪೈಪಿನಿಂದ ಹತ್ತಿದ ದೀಪ. ದಿನಾ ಬೆಳಿಗ್ಗೆ ನಾವೆಲ್ಲ ಕೈತೊಳೆಯುವ ಪೈಪು ಅದು.

ಮೊದಲು ಬಾಯಿಬಿಟ್ಟದ್ದು ಕಾರ್ಯದರ್ಶಿಯ ಹೆಂಡತಿ. "ನಾನು ಬಡ್ಕೊಂಡೆ, ಬಡ್ಕೊಂಡೆ! ಬಟ್ಟೆ ಹಾಕುವಾಗ ಮೆಷೀನು ಜುಮ್ ಅನ್ನುತ್ತೆ ಅಂತ. ನರದ ದೌರ್ಬಲ್ಯ, ಮಾತ್ರೆ ತಗೋ ಅಂದ್ರಲ್ಲಾ!"

ಎಲ್ಲರೂ ಕಾರ್ಯದರ್ಶಿಯ ಕಡೆ ನೋಡಿದರು. ನಾನು ನನ್ನ ಚಪ್ಪಲಿಯ ಕಡೆ ನೋಡಿದೆ.

ಕಾರ್ಯದರ್ಶಿ ಬಲ್ಬನ್ನೊಮ್ಮೆ ದಿಟ್ಟಿಸಿ, "ಗುಂಡಿ ಎಲ್ಲಿ ತೋಡೋದು?" ಅಂತ ಕೇಳಿದರು. ಒಳ್ಳೆಯ ಮನುಷ್ಯ. ಅಷ್ಟು ಜನರ ಮುಂದೆ ಅಷ್ಟು ಬೇಗ ಮಾತು ಬದಲಾಯಿಸಲು ನನ್ನಿಂದ ಆಗುತ್ತಿರಲಿಲ್ಲ.

ಡ್ರೈವರಣ್ಣನ ಗುಟ್ಟು ಮಾತ್ರ ರಟ್ಟಾಯಿತು. ಮಗಳು ಅಲ್ಲೇ ಇದ್ದಳು, ಓವನ್ ಯಾಕೆ ಬಂತು ಅಂತ ಯಾರೋ ಅವಳಿಗೆ ಹೇಳಿಬಿಟ್ಟರು. "ಅಪ್ಪಾ, ಕೇಕಾ?" ಅಂದವಳು ಮೆಟ್ಟಿಲು ಹಾರಿ ಹಾರಿ ಮೇಲೆ ಓಡಿದಳು. ಬಲ್ಬು ತಟ್ಟನೆ ಆರಿತು. ಇಬ್ಬರೂ ಕೆಳಗೆ ಬರಲು ತುಂಬಾ ಹೊತ್ತಾಯಿತು, ಬಂದಾಗ ಅವಳ ಕೆನ್ನೆಗೂ ಹಿಟ್ಟು ಅಂಟಿತ್ತು.

ಮಾರ್ಚ್ ೨, ಭಾನುವಾರ

ಕೈಯಲ್ಲಿ ಬೊಬ್ಬೆ. ಪೆನ್ನು ಹಿಡಿಯಲು ಆಗುತ್ತಿಲ್ಲ. ಆದರೂ ಬರೆಯಬೇಕು.

ಗುಂಡಿ ತೋಡಲು ಆಳುಗಳನ್ನು ಕರೆಸುವ ಮಾತಿತ್ತು. ಬೆಳಿಗ್ಗೆ ನೋಡಿದರೆ ಕಾರ್ಯದರ್ಶಿಯೇ ಪ್ಯಾಂಟು ಮಡಚಿ ಗುದ್ದಲಿ ಹಿಡಿದು ನಿಂತಿದ್ದಾರೆ. ಆಮೇಲೆ ಡ್ರೈವರಣ್ಣ, ಆಮೇಲೆ ನಾನು. ನಾನು ಜೀವಮಾನದಲ್ಲಿ ಅಗೆದದ್ದು ಹೂಕುಂಡ ಮಾತ್ರ. ಸೊಂಟದಾಳ ಅಗೆದು ಸಾಕಲ್ವಾ ಅಂದರೆ ಟೆಸ್ಟರ್ ಅಕ್ಕ, "ಮಣ್ಣು ತಣ್ಣಗೆ, ಒದ್ದೆಯಾಗಿ ಸಿಗೋ ತನಕ," ಅಂದರು. ಅವರು ಮೇಲೆ ಕುರ್ಚಿ ಹಾಕಿಕೊಂಡು ಕೂತು ಹೇಳುತ್ತಿದ್ದರು, ನಾವು ಅಗೆಯುತ್ತಿದ್ದೆವು.

"ಏ, ಟೋಪಿ ಹಾಕ್ಕೋ, ಬಿಸಿಲು ನೆತ್ತಿಗೆ ಬಂತು," ಅಂತ ಅತ್ತೆ ಕಿಟಕಿಯಿಂದ ಕೂಗಿ ಟೋಪಿ ಎಸೆದರು. ಅದು ಕಾರ್ಯದರ್ಶಿಯ ತಲೆಯ ಮೇಲೆ ಬಿತ್ತು. ಅವರೇ ಹಾಕಿಕೊಂಡರು.

ತಾಮ್ರದ ಸರಳು ಇಳಿಸಿ, ದಪ್ಪ ವೈರು ಬಿಗಿದು, ಮಣ್ಣು ಮುಚ್ಚಿ, ನೀರು ಹೊಯ್ದೆವು. ಮೀಟರ್ ಹಿಡಿದು ನೋಡಿದ ಟೆಸ್ಟರ್ ಅಕ್ಕ, "ಈಗ ನೋಡಿ, ಬಿಲ್ಡಿಂಗಿಗೆ ಅರ್ಥ ಬಂತು!" ಅಂದಾಗ ಮೂರು ಮಹಡಿಗಳ ಕಿಟಕಿಗಳಿಂದಲೂ ಚಪ್ಪಾಳೆ.

ಊಟ ಎಲ್ಲರಿಗೂ ನಮ್ಮ ಮನೆಯಲ್ಲೇ. ಕುರ್ಚಿ ಸಾಲದೆ ಡ್ರೈವರಣ್ಣ ಅತ್ತೆಯ ಸೂಟ್‌ಕೇಸಿನ ಮೇಲೆ ಕೂತು ಉಂಡರು.

ಮಾರ್ಚ್ ೯, ಭಾನುವಾರ

ಪ್ರತಿ ಮನೆಗೂ ಟ್ರಿಪ್ ಸ್ವಿಚ್ ಬಂತು. ಹೋದ ಕರೆಂಟೆಲ್ಲ ವಾಪಸ್ ಬಂತಾ ಅಂತ ಅದು ಕಾಯುತ್ತಾ ಕೂತಿರುತ್ತದಂತೆ. ಒಂಚೂರು ದಾರಿ ತಪ್ಪಿದರೂ ಕಚಕ್ ಅಂತ ಬಿದ್ದು ಎಲ್ಲ ನಿಲ್ಲಿಸಿಬಿಡುತ್ತೆ.

ಹಾಕಿದ ದಿನದಿಂದ ಕಟ್ಟಡದ ತುಂಬ ಕಚಕ್, ಕಚಕ್. ಕೆಳಮಹಡಿಯವರ ಇಸ್ತ್ರಿಪೆಟ್ಟಿಗೆ ಹಾಕಿದರೆ ಕಚಕ್. ಕಾರ್ಯದರ್ಶಿಯ ನೀರು ಕಾಯಿಸುವ ಕೆಟಲ್ ಹಾಕಿದರೆ ಕಚಕ್. ನಮ್ಮ ಟೇಬಲ್ ದೀಪ, ನಾನು ಮದುವೆಗೆ ಮೊದಲಿನಿಂದ ಇಟ್ಟುಕೊಂಡದ್ದು, ಅದೂ ಕಚಕ್. ಪ್ರತಿ ಸಲವೂ ಯಾರದೋ ಮನೆಯಿಂದ "ಅಯ್ಯೋ!" ಇನ್ಯಾರದೋ ಮನೆಯಿಂದ ನಗು.

ಇವತ್ತು ಎಲ್ಲರೂ ತಮ್ಮ ತಮ್ಮ ರೋಗಿಗಳನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದರು. ಮಿಕ್ಸಿ, ಫ್ಯಾನು, ಹೀಟರು, ಎಲ್ಲ ಸಾಲಾಗಿ. ಟೆಸ್ಟರ್ ಅಕ್ಕ ನಡುವೆ ಡಾಕ್ಟರರ ಹಾಗೆ ಕೂತು ಒಂದೊಂದನ್ನೇ ಬಿಚ್ಚಿ, "ಇದಕ್ಕೆ ವೈರು ಇಲಿ ಕಡಿದಿದೆ, ಬದುಕುತ್ತೆ. ಇದು ಬದುಕಲ್ಲ," ಅಂತ ಹೇಳುತ್ತಿದ್ದರು. ಅತ್ತೆ ಟೋಕನ್ ಹಂಚಿದರು. ಸಾಲು ಮುರಿದವರನ್ನು "ಲೈನ್‌ನಲ್ಲಿರಿ" ಅಂತ ಹಿಂದಕ್ಕೆ ಕಳಿಸಿದರು. ಓವನ್ನಿಗೆ ಹೊಸ ಕಾಯಿಲ್ ಬಿತ್ತು. ಡ್ರೈವರಣ್ಣ ಅದನ್ನು ಮಗುವಿನ ಹಾಗೆ ಅಪ್ಪಿಕೊಂಡು ಮೇಲೆ ಹೋದರು.

ನನ್ನ ಟೇಬಲ್ ದೀಪ ಬದುಕಲಿಲ್ಲ. ಅತ್ತೆಯ ರೇಡಿಯೋ ಪಾಸಾಯಿತು.

ಮಾರ್ಚ್ ೨೦, ಗುರುವಾರ

ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಗೀಸರ್ ಹಾಕಿತ್ತು. ನಾನು ಶೂ ಲೇಸು ಕಟ್ಟುತ್ತಿದ್ದೆ. ಕಚಕ್. ಮನೆಯೆಲ್ಲ ಕತ್ತಲು, ಫ್ರಿಜ್ಜಿನ ಗುಂಯ್ ನಿಂತಿತು. ಒಳಗಿನಿಂದ ಅವಳು, "ಏನ್ರೀ, ನೀರು ಬಿಡ್ತಾ ಇದ್ದೆ, ದೀಪ ಹೋಯ್ತು," ಅಂತ ಬೇಜಾರಿನಲ್ಲಿ ಕೂಗಿದಳು. ಅಷ್ಟೇ. ಅತ್ತೆ ಟಾರ್ಚು ಹಿಡಿದು ಕರೆತಂದರು.

ಮಧ್ಯಾಹ್ನ ಟೆಸ್ಟರ್ ಅಕ್ಕ ಬಂದು ಗೀಸರ್ ಬಿಚ್ಚಿದರು. ಮೊನ್ನೆ ಮೊನ್ನೆ ಸರಿ ಇದ್ದ ಕಾಯಿಲ್ ಉದ್ದಕ್ಕೂ ಸೀಳಿತ್ತು.

"ನಲ್ಲಿ ಮೇಲೆ ಕೈ ಇಟ್ಟಿದ್ದಳು," ಅಂದರು ಅತ್ತೆ. "ಹಳೇ ಸ್ಥಿತಿ ಇದ್ದಿದ್ದರೆ?"

ಟೆಸ್ಟರ್ ಅಕ್ಕ ಆ ಕಾಯಿಲನ್ನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡರು.

ಮಾರ್ಚ್ ೨೧, ಶುಕ್ರವಾರ

ಅಂಗಡಿಯಲ್ಲಿ ಕೆಲಸ ಸಾಗಲಿಲ್ಲ. ಒಬ್ಬರಿಗೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಹಾಕಿಕೊಟ್ಟೆ. ಬೇಗ ಮನೆಗೆ ಬಂದೆ. ಹೆಂಡತಿ ಗೊರಕೆ ಹೊಡೆಯುತ್ತಾ ಮಲಗಿದ್ದಳು. ಅಡುಗೆಮನೆಯಲ್ಲಿ ನಿಂತು ಸುಮ್ಮನೆ ಡಬ್ಬಿಗಳನ್ನು ನೋಡುತ್ತಿದ್ದೆ. ಅತ್ತೆ ಬಂದು ಭುಜ ಹಿಡಿದು ಕೂರಿಸಿದರು.

"ನೀವು ಬಂದ ದಿನವೇ ಹೇಳಿದ್ರಿ," ಅಂದೆ.

"ಹೇಳೋರು ಇದ್ದರೆ ಸಾಲದು, ಗುಂಡಿ ತೋಡೋರೂ ಬೇಕು. ಚಹಾ ಕುಡಿ. ಸಕ್ಕರೆ ಎರಡು ಹಾಕಿದ್ದೀನಿ."

ಮಾರ್ಚ್ ೩೦, ಭಾನುವಾರ

ಹೆಣ್ಣು ಮಗು!

ಬೆಳಿಗ್ಗೆ ನೋವು ಶುರುವಾಯಿತು. ಅವಳನ್ನು ಮೆಟ್ಟಿಲು ಇಳಿಸುವುದು ಹೇಗೆ ಅಂತ ನಾನು ಕೈಕೈ ಹಿಸುಕಿಕೊಳ್ಳುವಷ್ಟರಲ್ಲಿ ಅತ್ತೆ ಮೆಟ್ಟಿಲ ಬಳಿ ನಿಂತು ಮೇಲಕ್ಕೂ ಕೆಳಕ್ಕೂ ಒಂದೊಂದು ಕೂಗು ಹಾಕಿದರು. ಎಲ್ಲ ಬಾಗಿಲುಗಳೂ ತೆರೆದವು. ಕುರ್ಚಿಯಲ್ಲಿ ಕೂರಿಸಿ, ಮುಂದೆ ಡ್ರೈವರಣ್ಣ, ಹಿಂದೆ ನಾನು. ತಿರುವಿನಲ್ಲಿ ಅವರು ಅಭ್ಯಾಸಬಲದಿಂದ, "ಬರಲಿ ಬರಲಿ ಬರಲಿ, ಸ್ವಲ್ಪ ಲೆಫ್ಟ್, ಹೋಲ್ಡಾನ್!" ಅನ್ನುತ್ತಿದ್ದರು. ಹೆಂಡತಿ ನೋವಿನಲ್ಲೂ ನಕ್ಕು, "ಟಿಕೆಟ್ ಯಾರು ಕೊಡ್ತಾರೆ?" ಅಂದಳು. ಕಾರ್ಯದರ್ಶಿ ಟ್ಯಾಕ್ಸಿಯ ಬಾಗಿಲು ತೆರೆದು ಹಿಡಿದು, ಛತ್ರಿ ಬಿಚ್ಚಿ ನಿಂತಿದ್ದರು. ಇವತ್ತೂ ಬಿಸಿಲಿರಲಿಲ್ಲ.

ಮಗು ಮುಷ್ಟಿ ಬಿಗಿ ಹಿಡಿದು ಬಂದಿದೆ. ಅಳುವಾಗ ಕಿವಿ ಕೆಂಪಾಗುತ್ತೆ. ಅತ್ತೆ ತಲೆ ಒಂದು ಕಡೆ ವಾಲಿಸಿ ಆ ಅಳುವನ್ನು ಪೂರ್ತಿ ಕೇಳಿಸಿಕೊಂಡು, "ಲೈನ್ ಸ್ಪಷ್ಟವಾಗಿದೆ," ಅಂದರು. ಹೊರಗೆ ಹೋಗಿ ಅತ್ತರು. ನಾನೂ ಹೋದೆ.

ಏಪ್ರಿಲ್ ೬, ಭಾನುವಾರ

ಡ್ರೈವರಣ್ಣನ ಮಗಳ ಮದುವೆ. ಹೆಂಡತಿ, ಮಗು ಮನೆಯಲ್ಲೇ. ನಾನು ಹೋಗಿ ಉಂಡು ಬಂದೆ. ಕೇಕು ಮೂರು ಅಂತಸ್ತಿನದು, ಸ್ವಲ್ಪ ಎಡಕ್ಕೆ ವಾಲಿತ್ತು. ಡಿಪೋದವರೆಲ್ಲ ಬಂದಿದ್ದರು. ಯಾರೂ ಆಡಿಕೊಳ್ಳಲಿಲ್ಲ, ಎರಡೆರಡು ಸಲ ಹಾಕಿಸಿಕೊಂಡರು. ಮದುಮಗಳು ಮೊದಲ ತುಂಡನ್ನು ಡಬ್ಬಿಗೆ ಹಾಕಿ ನನ್ನ ಕೈಗಿತ್ತು, "ಮೂಗಿನ ಅಕ್ಕನಿಗೆ," ಅಂದಳು.

ಏಪ್ರಿಲ್ ೧೮, ಶುಕ್ರವಾರ

ಅತ್ತೆ ಹೊರಡುವ ಮಾತು ತೆಗೆದರು. ಹೆಂಡತಿ ಚೇತರಿಸಿಕೊಂಡಿದ್ದಾಳೆ, ಮಗು ಹಾಲು ಕುಡಿಯುತ್ತಿದೆ, ತಮ್ಮ ಮನೆಗೆ ಬೀಗ ಹಾಕಿ ಬಹಳ ದಿನವಾಯಿತು. ಸರಿಯಾದ ಮಾತೇ. ಒಂದು ಸೂಟ್‌ಕೇಸು ತುಂಬಿಸಿಯೂ ಆಯಿತು. ಭಾನುವಾರದ ರೈಲಿಗೆ ಟಿಕೆಟ್ ತಾ ಅಂದರು. ಸಂಜೆ ಅಂಗಡಿಯಿಂದ ನೇರ ಸ್ಟೇಷನ್ನಿಗೆ ಹೋದೆ.

ಟಿಕೆಟ್ ಸಿಗಲಿಲ್ಲ. ಕ್ಯೂ ಉದ್ದ ಇತ್ತು, ವಾಪಸ್ ಬಂದೆ. ಹಾಗಂತ ಮನೆಯಲ್ಲೂ ಹೇಳಿದೆ.

"ಎಷ್ಟು ಜನ ಇದ್ದರು ಕ್ಯೂನಲ್ಲಿ?" ಅಂದಳು ಹೆಂಡತಿ.

"ಇದ್ದರು... ಇಬ್ಬರು."

ಅವಳು ಮಗುವಿನ ಹೊದಿಕೆಯಲ್ಲಿ ಮುಖ ಹುದುಗಿಸಿಕೊಂಡಳು. ಇದರಲ್ಲಿ ನಗುವಂಥದ್ದೇನು? ಒಬ್ಬೊಬ್ಬರೂ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ಅಂತ ಯಾರಿಗೆ ಗೊತ್ತು. ಅಷ್ಟಕ್ಕೂ ಮಗುವಿಗೆ ಎಣ್ಣೆ ಸವರುವುದು ಇನ್ನೂ ನಮಗೆ ಸರಿಯಾಗಿ ಬಂದಿಲ್ಲ. ವಾಷಿಂಗ್ ಮೆಷೀನು ಅವರ ಮಾತನ್ನೇ ಕೇಳುವುದು. ಅಂಗಳದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹೊಯ್ಯಬೇಕು, ಅದನ್ನು ನೆನಪಿಟ್ಟು ಮಾಡುವವರು ಯಾರು? ಇದನ್ನೆಲ್ಲ ಯೋಚಿಸದೆ ಭಾನುವಾರವೇ ಹೋಗಬೇಕು ಅಂದರೆ ಹೇಗೆ?

ಅತ್ತೆ ಸೂಟ್‌ಕೇಸು ತೆರೆದು, ಮಡಚಿಟ್ಟ ಬಟ್ಟೆಗಳನ್ನು ಒಂದೊಂದಾಗಿ ಮತ್ತೆ ಕಪಾಟಿಗೆ ಜೋಡಿಸಿದರು.

ಮುಂದಿನ ವಾರ ಹೋಗಿ ನೋಡಿದರಾಯಿತು. ಅಥವಾ ಅದರ ಮುಂದಿನ ವಾರ. ಈಗ ಬರೆಯಲು ಪುರುಸೊತ್ತಿಲ್ಲ. ಮಗು ಎದ್ದಿದೆ, ಕಿವಿ ಕೆಂಪಾಗಿದೆ, ಬಚ್ಚಲಿನಿಂದ ಅತ್ತೆ ಕೂಗುತ್ತಿದ್ದಾರೆ: "ಲೋ, ಎಲ್ಲಿದ್ದೀಯೋ? ಟವೆಲು ತಗೊಂಡು ಬಾರೋ!"

ಹೊರಟೆ.